ಬಾಟಲಿಯ ನೀರೂ ನೀರೇ

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ನಾನು ಬಾಗಲಕೋಟೆಯಲ್ಲಿ ಬಿ.ಎ. ಓದುತ್ತಿದ್ದೆ; ಓದಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಅಲೆಯುತ್ತಿದ್ದೆ. ಯಾರು ಏನೇ ಅನ್ನಲಿ, ಎದುರು ಮಾತು ನಾಲಿಗೆಯ ಮೇಲೆ ಸಿದ್ಧವಿರುತ್ತಿತ್ತು. ಇಳಕಲ್ಲಿನಿಂದ ನಮ್ಮ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಕಾಕಾ ಜೀಪಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ತಂದಾಗಲೂ ನಾನು ಮೊದಲು ಮಾಡಿದ್ದು ವಾದವನ್ನೇ.

ಆಯಿ ನಾಚಿಕೆಯಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹರ್ನಿಯಾ ಬಿಗಿದು ಕರುಳು ಸಿಕ್ಕಿಕೊಂಡಿತ್ತು. ವಾಂತಿಯಾಗಿ ಆಗಿ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಅದರ ಮೇಲೆ ಬೆಳಿಗ್ಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಆಪರೇಷನ್ ಮಾಡದಿದ್ದರೆ ಕರುಳು ಕೊಳೆಯುತ್ತದೆ. ಮಾಡಿದರೆ, ಎಚ್ಚರವಾದ ಮೇಲೆ ಆಯಿ ನಮ್ಮನ್ನು ಗುರುತಿಸುವಳೋ ಇಲ್ಲವೋ ಹೇಳಲಾಗದು ಎಂದರು ದವಾಖಾನೆಯವರು.

ಅರಿವಳಿಕೆ ಕೊಡುವ ಡಾಕ್ಟರು ಬಾದಾಮಿ ಕಡೆಯ ಹಿರಿಯರು. ಬಿ.ಪಿ. ಹೆಚ್ಚಿದೆ ಎಂದರು, ಆದರೆ ಇಳಿಸುವ ಮದ್ದು ಕೊಡಲಿಲ್ಲ. ನಾನು ಅಡ್ಡ ನಿಂತೆ. ಲಕ್ವಕ್ಕೆ ಬಿ.ಪಿ.ಯೇ ಕಾರಣವೆಂದ ಮೇಲೆ ಅದನ್ನು ಹಾಗೇ ಬಿಡುವುದು ಯಾವ ತರ್ಕ?

"ಹೊಲಕ್ಕ ನೀರು ಹಾಯಿಸಿಯೇನು ತಮ್ಮಾ?" ಅಂದರು. "ನಡುವ ಕಾಲುವಿ ಕಟ್ಟೇದ. ಕಡೀ ಮಡ್ಯಾಗಿನ ಪೈರು ಬಾಡೇದ, ಇನ್ನೂ ಒಣಗಿಲ್ಲ. ಈಗ ಹಿಂದಿನ ಜೋರು ತಗ್ಗಿಸಿದ್ರ ಅದೂ ಹೋತು."

ಅರಿವಳಿಕೆ ಕೊಟ್ಟೊಡನೆ ರಕ್ತನಾಳಗಳು ಸಡಿಲಾಗುತ್ತವೆ, ಒಣಗಿದ ಮೈಯಲ್ಲಿ ಬಿ.ಪಿ. ಒಮ್ಮೆಲೇ ಕುಸಿಯುತ್ತದೆ, ಆಗ ಮಿದುಳಿಗೆ ರಕ್ತ ಮುಟ್ಟುವುದಿಲ್ಲ. ಅದಕ್ಕೇ ಮೊದಲು ಸಲೈನ್ ಹತ್ತಬೇಕು ಎಂದರು. ಈ ವಾದದಲ್ಲಿ ಎಲ್ಲಾದರೂ ತೂತು ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಸಿಗದ್ದಕ್ಕೆ ಇನ್ನಷ್ಟು ಚಡಪಡಿಸಿದೆ.

ಎಡಗೈಗೆ ಚುಚ್ಚಿದ ಸಲೈನ್ ಸೂಜಿಯನ್ನು ಆಯಿ ಬಲಗೈಯಿಂದ ಕಿತ್ತು ಬಿಸಾಡಿದಳು. ನರ್ಸು ಮತ್ತೆ ಚುಚ್ಚಿದರೆ ಮತ್ತೆ ಕಿತ್ತಳು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಹೆಂಗಸು ಅವಳು. ಅಂದಿನ ಪೂಜೆ ಇನ್ನೂ ಆಗಿರಲಿಲ್ಲ. ಲಿಂಗವನ್ನು ಇಟ್ಟುಕೊಳ್ಳಬೇಕಾದದ್ದು ಎಡ ಅಂಗೈಯಲ್ಲಿ. ಆ ಅಂಗೈ ಚಾದರದ ಮೇಲೆ ಜೀವವಿಲ್ಲದೆ ಬಿದ್ದಿತ್ತು. ಇನ್ನೊಬ್ಬರು ಲಿಂಗ ಹಿಡಿಯುವಂತಿಲ್ಲ.

ಇದು ಬಾಯಿಂದ ಹೋಗುವುದಲ್ಲ, ಕುಡಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಿಸಿದೆ.

"ಎಲ್ಲಿಂದ ಹೋದ್ರೇನು," ಅಂದಳು, ತೊದಲುತ್ತ. "ಬಾಟಲ್ಯಾಗಿನದೂ ನೀರಽ ಹೌದಲ್ಲೋ?"

ಕಾಕಾ ಕೈ ಕಟ್ಟಿಹಾಕೋಣ ಎಂದ. ಡಾಕ್ಟರು ಒಪ್ಪಲಿಲ್ಲ, ಆದರೆ ಹೊತ್ತಾಗುತ್ತಿದೆ ಎಂದು ಎರಡು ಸಲ ಹೇಳಿದರು. ನಾನು ವರಾಂಡದಲ್ಲಿ ಅತ್ತಿಂದಿತ್ತ ತಿರುಗಿದೆ, ಬಾಗಿಲ ತನಕ ಹೋಗಿ ಹಿಂದೆ ಬಂದೆ. ಆಮೇಲೆ, ಕಾಕಾನನ್ನು ವರಾಂಡದಲ್ಲೇ ಬಿಟ್ಟು, ಒಳಗೆ ಹೋಗಿ ಅವಳ ಎಡ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟು ಮೇಲೆತ್ತಿದೆ.

ಆಯಿ ನನ್ನ ಬರಿಗೊರಳನ್ನೇ ನೋಡಿದಳು. ಕಾಲೇಜು ಸೇರಿದ ವರ್ಷವೇ ನಾನು ಲಿಂಗ ಬಿಚ್ಚಿ ಗೂಟಕ್ಕೆ ತೂಗುಹಾಕಿದ್ದೆ. ಆ ಜಗಳ ಮನೆಯಲ್ಲಿ ಇನ್ನೂ ಆರಿರಲಿಲ್ಲ.

"ಲಿಂಗಾ ನಿನ್ನ ಅಂಗೈ ಮ್ಯಾಲ ಇರ್ತೈತಿ, ನಂದು ಬರೇ ಕೆಳಗ," ಅಂದೆ. "ನೀ ಪೂಜಿಗೆ ಕುಂಡ್ರೋ ಕಟಗಿ ಮಣಿಗೆ ಲಿಂಗಾ ಕಟ್ಟೀಯೇನು ಆಯಿ? ನನ್ನ ಕೈನೂ ಒಂದು ಮಣಿ ಅಂತ ತಿಳಿ."

ಸೊಟ್ಟ ಬಾಯಿಯ ಒಂದು ಬದಿ ನಕ್ಕಿತು. "ಮಣಿ ಮಾತಾಡಂಗಿಲ್ಲ. ನೀನೂ ಸುಮ್ನಿರು."

ಸುಮ್ಮನಿದ್ದೆ. ಬಲಗೈಯಿಂದ ಅವಳು ವಿಭೂತಿ ಹಚ್ಚಿದಳು, ಎರಡು ಹನಿ ನೀರು ಬಿಟ್ಟಳು, ಕಣ್ಣು ಮುಚ್ಚಿ ಕುಟುಕುಟು ಏನೋ ಅಂದಳು. ಆ ಬಿದ್ದ ಕೈ ಅಷ್ಟು ಭಾರವಿರುತ್ತದೆಂದು ನನಗೆ ತಿಳಿದಿರಲಿಲ್ಲ. ಪೂಜೆ ಮುಗಿದ ಮೇಲೆ ತಾನೇ ಬಲಗೈಯನ್ನು ನರ್ಸಿನ ಕಡೆ ಚಾಚಿದಳು. ನಾನು ಆಗಲೂ ದೇವರನ್ನು ನಂಬುತ್ತಿರಲಿಲ್ಲ, ಈಗಲೂ ಇಲ್ಲ. ನರಕ್ಕೆ ಇಳಿದದ್ದು ಉಪ್ಪುನೀರು. ಆದರೆ ಇಳಿಯಲು ಅವಳ ಅಪ್ಪಣೆ ಬೇಕಿತ್ತು.

ಆಪರೇಷನ್ ಕೋಣೆಯ ಬಾಗಿಲು ಸರಿದಾಗೊಮ್ಮೆ ಡಾಕ್ಟರು ಕಂಡರು. ಬಿ.ಪಿ. ನೋಡುವ ರಬ್ಬರ್ ಬುರುಡೆಯನ್ನು ಒತ್ತುವುದು, ಬಿಡುವುದು, ಬಾಟಲಿ ನೋಡುವುದು, ಮತ್ತೆ ಒತ್ತುವುದು. ಹೊರಗೆ ನನ್ನ ಕೈಯೂ ಸುಮ್ಮನೆ ಮುಷ್ಟಿ ಕಟ್ಟಿ ಬಿಡುತ್ತಿತ್ತು. ಅವರು ಹೊರಬಂದು, ಬಿ.ಪಿ. ಬೀಳಗೊಡಲಿಲ್ಲ ಎಂದಷ್ಟೇ ಹೇಳಿದರು. ಮಿದುಳಿನ ಮಾತು ಆಕೆ ಎದ್ದ ಮೇಲೆ.

ಸಂಜೆ ಆಯಿ ಕಣ್ಣು ತೆರೆದಳು. ಕಾಕಾ ಬಾಗಿ, ನಾ ಯಾರು ಎಂದು ಕೇಳಿದ. ಆಯಿಯ ಕಣ್ಣು ಮಂಚದ ಸುತ್ತ ಏನನ್ನೋ ಹುಡುಕುತ್ತಿತ್ತು.

"ಮಣಿ ಎಲ್ಲೈತಿ?" ಅಂದಳು.

ಕಾಕಾ ಗೋಡೆಯ ಕಡೆ ತಿರುಗಿ ಅಳತೊಡಗಿದ. ದವಾಖಾನೆಯಲ್ಲಿ ಮಣೆ ಕೇಳುತ್ತಾಳೆ, ತಲೆ ಹೋಯಿತು ಎಂದ. ನಾನು ಅವನಿಗೆ ಏನನ್ನೂ ವಿವರಿಸಲಿಲ್ಲ. ಮುಂದೆ ಹೋಗಿ, ಮಾತಾಡದೆ, ಅಂಗೈ ಚಾಚಿದೆ.