ಮೇಲ್ಮನೆ ಅಣ್ಣನ ಪೀಂ ಪೀಂ

ಅವರ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ. ಆಟದ ವಿಮಾನದ ಪ್ರೊಪೆಲ್ಲರ್ ಯಾವತ್ತೋ ತುದಿಯನ್ನು ಕೊಯ್ದುಬಿಟ್ಟಿತ್ತು. ಆ ಮೊಂಡುಬೆರಳನ್ನೇ ಬಾಲ್ಕನಿಯಿಂದ ಕೆಳಕ್ಕೆ ಚಾಚಿ, "ಸೆಟ್ಟಿಂಗ್ ಮುಟ್ಟೋ ಮುಂಚೆ ಪ್ರೊಪೆಲ್ಲರ್ ಬಿಚ್ಚಮ್ಮಾ!" ಎಂದು ಪ್ರತಿ ಸಲವೂ ಕೂಗುತ್ತಿದ್ದರು.

ಜಪಾನಿನ ಫುನಾಬೊರಿಯಲ್ಲಿ ನಮ್ಮ ನೆತ್ತಿಯ ಮೇಲಿನ ಮನೆ ಅವರದು. ಮೈಸೂರಿನವರು, ಮೋಟಾರು ಕಂಪನಿಯಲ್ಲಿ ಇಂಜಿನಿಯರ್. ನನಗೆ ಮೇಲ್ಮನೆ ಅಣ್ಣ. ಹೆಂಡತಿ ಊರಿಗೆ ಹೋಗಿದ್ದಾಗಲೇ ಕೊರೋನಾ ಬಂದು ಜಪಾನ್ ಬಾಗಿಲು ಹಾಕಿಕೊಂಡಿತು. ಇವರು ಒಬ್ಬರೇ ಉಳಿದರು. ನಾನೋ, ಶಾಲೆ ಮುಚ್ಚಿ ಮಂಕಾಗಿದ್ದ ಮಗಳಿಗೆ ನದಿ ದಂಡೆಯಲ್ಲಿ ವಿಮಾನ ಹಾರಿಸಿ ತೋರಿಸ್ತೀನಿ ಎಂದು ಮಾತು ಕೊಟ್ಟು, ಕಿಟ್ ತರಿಸಿಕೊಂಡು ಕೂತಿದ್ದೆ.

ಮೋಟಾರಿಗೆ ಎಷ್ಟು ಕರೆಂಟ್ ಬಿಡಬೇಕೆಂದು ನೋಡಿಕೊಳ್ಳುವ ಪುಟ್ಟ ಪೆಟ್ಟಿಗೆ ಒಂದಿರುತ್ತದೆ, ಇಎಸ್‌ಸಿ ಅಂತ. ರಿಮೋಟಿನ ಕಡ್ಡಿ ಎಲ್ಲಿಯವರೆಗೆ ಏರುತ್ತೆ, ಎಲ್ಲಿಗೆ ಇಳಿಯುತ್ತೆ ಎಂದು ಅದಕ್ಕೆ ಮೊದಲು ಕಲಿಸಬೇಕು. ಒಬ್ಬರ ಮನೆಗೆ ಒಬ್ಬರು ಹೋಗುವಂತಿಲ್ಲವಲ್ಲ, ಹಾಗಾಗಿ ಅವರು ಮೇಲಿನಿಂದ ಕಿವಿಗೊಟ್ಟೇ ಪಾಠ ಹೇಳಿದರು. ಕಡ್ಡಿ ಮೇಲಕ್ಕೆ ತಳ್ಳಿ ಬ್ಯಾಟರಿ ಜೋಡಿಸಿದೆ: ಮೋಟಾರಿನಿಂದ ಪೀಂ ಪೀಂ. ಕೆಳಗೆಳೆದೆ: ಉದ್ದಕ್ಕೆ ಪೀ. "ಹಾಂ, ಕಲೀತು! ಇನ್ನು ಅದರ ತಂಟೆಗೆ ಹೋಗ್ಬೇಡ" ಎಂದರು. ಹಗ್ಗ ಕಟ್ಟಿದ ಚೀಲದಲ್ಲಿ ರಿಮೋಟನ್ನು ಮೇಲೆಳೆದುಕೊಂಡು, ಏನೋ ಸಣ್ಣಪುಟ್ಟ ಸೆಟ್ಟಿಂಗ್ ಎಂದು ಮಾಡಿ ಇಳಿಬಿಟ್ಟರು. ಅಂದಿನಿಂದ ಭಾನುವಾರ ಬೆಳಿಗ್ಗೆ ಅವರು ಪೀಂ ಪೀಂ ಎಂದು ಶಿಳ್ಳೆ ಹಾಕುವುದು, ನಾನು ಪೀ ಎಂದು ಬಾಲ್ಕನಿಗೆ ಬರುವುದು ರೂಢಿಯಾಯಿತು.

ವಿಮಾನ ಮಾತ್ರ ಮೇಲೇಳಲೊಲ್ಲದು. ಹುಲ್ಲಿನ ಮೇಲೆ ತೆವಳಿ ಮುಗ್ಗರಿಸುತ್ತಿತ್ತು. ಬಂದು ಹೇಳಿದರೆ, "ದೈಜೋಬು, ಏನೂ ಚಿಂತೆಯಿಲ್ಲ, ಬ್ಯಾಟರಿ ಸರಿಯಿಲ್ಲ ಅಷ್ಟೆ. ಮುಂದಿನ ವಾರ ನೋಡೋಣ." ಇನ್ನೊಂದು ವಾರ ಗಾಳಿಯ ತಪ್ಪು, ಮತ್ತೊಂದು ವಾರ ರೆಕ್ಕೆಯದು. ಹೀಗೇ ನಾಲ್ಕು ತಿಂಗಳು! ಕೊನೆಗೆ ಮಗಳು ಶೂ ಹಾಕಿಕೊಳ್ಳುವುದನ್ನೇ ಬಿಟ್ಟಳು. "ಮತಾ ರೈಶೂ, ಅಮ್ಮಾ?" ಎಂದಳು. ಮತ್ತೆ ಮುಂದಿನ ವಾರಾನಾ ಅಂತ.

ಆವತ್ತು ರಿಮೋಟಿನ ಮೆನುಗಳನ್ನು ನಾನೇ ಒಂದೊಂದಾಗಿ ತೆರೆದೆ. ಕಡ್ಡಿ ಎಷ್ಟೇ ತಳ್ಳಿದರೂ ನೂರಕ್ಕೆ ಅರವತ್ತರಷ್ಟೇ ಹೋಗುವಂತೆ ಕಟ್ಟುಹಾಕಿತ್ತು. ಬಾಲ್ಕನಿಗೆ ಹೋಗಿ ಕೇಳಿದೆ.

"ಅಣ್ಣಾ, ಈ ಅರವತ್ತು ನೀವೇ ಇಟ್ಟಿದ್ದಾ?"

"ಹಾರಿಬಿಟ್ಟಿದ್ರೆ ನೀವು ನದಿ ಕಡೆ ಹೋಗ್ಬಿಡ್ತಿದ್ರಿ. ಬಾಲ್ಕನಿಗೆ ಯಾರಮ್ಮ ಬರ್ತಿದ್ರು?"

"ಥೂ, ನಿಮ್ಮನ್ನ ನಂಬಿದ್ನಲ್ಲ!" ಎಂದು ಬಾಗಿಲು ಹಾಕಿಕೊಂಡೆ.

ನೂರಕ್ಕಿಟ್ಟೆ, ಹಾರಿತು. ಮಗಳು "ತೊಂದಾ! ತೊಂದಾ!" ಹಾರ್ತು ಹಾರ್ತು ಅಂತ ದಂಡೆಯುದ್ದಕ್ಕೂ ಓಡಿದಳು. ಹಾರಿತೆಂದು ಅವರಿಗೆ ಹೇಳಲೇ ಇಲ್ಲ ನಾನು. ಆಮೇಲೆ ಮೂರು ಭಾನುವಾರ ಶಿಳ್ಳೆ ಕೇಳಿತು. ತುಟಿ ಬಿಗಿಹಿಡಿದು ಕೂತೆ. ನಾಲ್ಕನೆಯ ವಾರ ಕೇಳಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಅವರ ಹೆಂಡತಿಗೆ ವೀಸಾ ಸಿಕ್ಕಿದ್ದು ಅದಾದ ಮೇಲೆ.

ಮಗುವಿಗೆ ಕೊಟ್ಟ ಮಾತಿನ ಜೊತೆ ಆಟವಾಡಿದರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಪ್ರೊಪೆಲ್ಲರ್ ಬಿಚ್ಚದೆ ಒಂದು ಸಲವೂ ಸೆಟ್ಟಿಂಗ್ ಮುಟ್ಟಿಲ್ಲ, ನನ್ನ ಹತ್ತು ಬೆರಳೂ ನೆಟ್ಟಗಿವೆ. ಅದು ಅವರ ಋಣ. ಹೊಸ ವಿಮಾನ ಕಟ್ಟಿದಾಗಲೆಲ್ಲ ಕಡ್ಡಿ ಮೇಲೆ ತಳ್ಳಿ ಬ್ಯಾಟರಿ ಜೋಡಿಸುತ್ತೇನೆ. ಪೀಂ ಪೀಂ ಎನ್ನುತ್ತದೆ. ಪೀ ಎಂದು ಉತ್ತರ ಕೊಡಿಸಲು ಕಡ್ಡಿ ಕೆಳಗೆಳೆಯಬೇಕು, ಕೈ ಬರುವುದಿಲ್ಲ.