ಒಂದು ಹಿಡಿ ಗರಡಿ ಮಣ್ಣು

ನಮ್ಮ ಉಸ್ತಾದರ ಹಿಮ್ಮಡಿ ಎರಡೂ ಬಿರುಕು ಬಿಟ್ಟಿದ್ದವು. ಆ ಬಿರುಕುಗಳಲ್ಲಿ ಸದಾ ಕೆಮ್ಮಣ್ಣು. ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಂದರೂ ಹಿಮ್ಮಡಿ ಮಾತ್ರ ಕೆಂಪಗೇ ಇರುತ್ತಿತ್ತು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಅವರದ್ದು ದಿನಾ ಇದೇ ಗೊಣಗಾಟ: "ಹಾಸಿಗೆ ಮೇಲೆಲ್ಲಾ ಗರಡಿ ತಂದು ಸುರೀತಾರೆ ಕಣಪ್ಪ. ಈ ಕಾಲು ತಿಕ್ಕಕ್ಕೆ ಇಟ್ಟಿಗೇನೇ ಬೇಕು." ಉಸ್ತಾದರು ನಗುತ್ತಿದ್ದರು. "ಬಿಡೇ, ಅದು ಹೋದ್ರೆ ನಾನೂ ಹೋದಂಗೇ."

ಐವತ್ತರ ದಶಕದ ಮಾತು. ರಾಜಾಜಿನಗರ ಆಗ ಇನ್ನೂ ಹುಟ್ಟುತ್ತಿತ್ತು. ನಮ್ಮ ಹಳ್ಳಿಯ ರಾಗಿ ಹೊಲಗಳಲ್ಲಿ ಗೂಟ ಹೊಡೆದು, ದಾರ ಎಳೆದು, ಇದು ನಿಮ್ಮ ಸೈಟು, ಅದು ಅವರ ಸೈಟು ಎಂದು ಹಂಚುತ್ತಿದ್ದರು. ಹಳ್ಳಿಯ ಅಂಚಿನಲ್ಲಿ, ಹುಣಸೇಮರದ ಹಿಂದೆ, ಉಸ್ತಾದರ ಗರಡಿ. ಒಳಗೆ ಹೋಗಬೇಕಾದರೆ ಬಾಗಿಲಲ್ಲಿ ತಲೆ ತಗ್ಗಿಸಲೇಬೇಕು. ನಡುವೆ ಮಟ್ಟಿ, ಎಂದರೆ ಕುಸ್ತಿ ಆಡುವ ಮಣ್ಣಿನ ಅಂಕಣ. ಆ ಮಣ್ಣನ್ನು ಅವರು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ತಾವೇ ಜರಡಿ ಹಿಡಿದು, ಎಳ್ಳೆಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಹಾಕಿ, ಗಂಟೆಗಟ್ಟಲೆ ಕಾಲಲ್ಲಿ ತುಳಿದು ಹದ ಮಾಡುತ್ತಿದ್ದರು. ಅಮ್ಮ ಮನೆಯ ಒಗ್ಗರಣೆಗೆ ಎಣ್ಣೆ ಇಲ್ಲವೆಂದು ಕೂಗಿಕೊಂಡರೂ ಮಟ್ಟಿಗೆ ಎಣ್ಣೆ ತಪ್ಪುತ್ತಿರಲಿಲ್ಲ.

ಕುಸ್ತಿಯ ಈ ಮನುಷ್ಯನಿಗೆ ಬಾಕ್ಸಿಂಗ್ ಹುಚ್ಚು ಹತ್ತಿದ್ದು ದೊಡ್ಡ ಯುದ್ಧದಲ್ಲಿ. ಪಟಾಲಮಿನ ಜೊತೆ ಸಮುದ್ರ ದಾಟಿ ಹೋಗಿದ್ದವರು, ಅಲ್ಲಿ ಸೋಲ್ಜರುಗಳ ಜೊತೆ ಗುದ್ದಾಡಿ ಕಲಿತು, ಎರಡು ಜೊತೆ ಗ್ಲೌಸು ಹೊತ್ತುಕೊಂಡು ಊರಿಗೆ ಬಂದಿದ್ದರು. ಆ ಗ್ಲೌಸು ಏಳೆಂಟು ವರ್ಷ ಗೂಟಕ್ಕೆ ನೇತು ಬಿದ್ದಿತ್ತು. ನಮ್ಮೂರ ಪೈಲ್ವಾನರು ಅದನ್ನು ನೋಡಿ "ಉಸ್ತಾದ್ರು ದಿಂಬು ನೇತಾಕವ್ರೆ" ಎಂದು ನಗುತ್ತಿದ್ದರು. ಆಗ ಸಿಕ್ಕಿದವನು ನಾನು. ಇಪ್ಪತ್ತು ವರ್ಷದ ಕಡ್ಡಿ ಪೈಲ್ವಾನ. ಹೊಸ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಮಟ್ಟಿಗಿಳಿದ ಮೊದಲ ದಿನವೇ ಮೂರು ಸಲ ಬೆನ್ನು ನೆಲ ಮುಟ್ಟಿಸಿಕೊಂಡೆ. ಉಸ್ತಾದರು ನನ್ನ ತೋಳು ಹಿಡಿದು ಎಳೆದು ನೋಡಿದರು.

"ಕುಸ್ತಿಗೆ ನೀನು ಹೊಂದಲ್ಲ ಕಣ್ಲಾ. ಆದ್ರೆ ತೋಳು ಗಳದಂಗೈತೆ. ಗುದ್ದೋದು ಕಲೀತೀಯಾ?"

ಕಲಿತೆ. ಐದು ವರ್ಷ ಕಲಿತೆ. ಕುಸ್ತಿಯವರು ಎದ್ದು ಹೋದ ಮೇಲೆ ಅದೇ ಮಟ್ಟಿಯಲ್ಲಿ, ಬರಿಗಾಲಲ್ಲಿ. ಹುಣಸೇಮರಕ್ಕೆ ಮರದ ಹೊಟ್ಟು ತುಂಬಿದ ಗೋಣಿಚೀಲ ಕಟ್ಟಿ ಗುದ್ದಿಸುತ್ತಿದ್ದರು. ಅಮ್ಮ ನೆನೆಹಾಕಿದ ಕಡಲೆ ಕೊಡುತ್ತಿದ್ದರು. ಗುದ್ದಿಗಿಂತ ಹೆಚ್ಚಾಗಿ ಉಸ್ತಾದರು ಹೇಳುತ್ತಿದ್ದದ್ದು ಕಾಲಿನ ಮಾತು. "ಎದುರಾಳಿ ಏನೂ ಅಲ್ಲ ಮಗಾ. ನೆಲ ನಿನ್ನ ಹಿಡ್ಕೊಂಡಿರೋಗಂಟ ನಿನ್ನ ಯಾವನೂ ಬೀಳಿಸಕ್ಕಾಗಲ್ಲ." ಸಣ್ಣಪುಟ್ಟ ಪಂದ್ಯ ಗೆದ್ದೆ. ಗೆದ್ದಾಗ ಅವರು ಹೊಗಳಲಿಲ್ಲ. ಸೋತಾಗ ಬಯ್ಯಲೂ ಇಲ್ಲ.

ಕೊನೆಗೆ ರಾಜ್ಯದ ಚಾಂಪಿಯನ್ ಪಟ್ಟದ ಪಂದ್ಯ ಬಂತು. ದಂಡಿನ, ಎಂದರೆ ಕಂಟೋನ್ಮೆಂಟಿನ, ಒಂದು ಸಭಾಂಗಣದಲ್ಲಿ. ನಾವು ರಾಜಾಜಿನಗರದವರು ಬೆಂಗಳೂರು ದಂಡಿಗೆ ಹೋಗುವುದೆಂದರೆ ಬೇರೆ ದೇಶಕ್ಕೆ ಹೋದ ಹಾಗೆ. ಶೂ ಇಲ್ಲದೆ ರಿಂಗಿಗೆ ಬಿಡುವುದಿಲ್ಲವೆಂದರು. ಉಸ್ತಾದರು ಗುಜರಿಯಿಂದ ಒಂದು ಜೊತೆ ಶೂ ಹುಡುಕಿ ತಂದಿದ್ದರು. ನಾನು ಅದನ್ನು ಹಾಕಿಕೊಂಡು ಊರಲ್ಲಿ ನಾಲ್ಕು ದಿನ ನಡೆದಾಡಿದ್ದೆ, ಅಷ್ಟೇ. ಕ್ಯಾನ್ವಾಸ್ ಎಳೆದ ನೆಲವನ್ನು ನಾನು ಅವತ್ತೇ ಮೊದಲು ತುಳಿದದ್ದು.

ನಮ್ಮಲ್ಲಿ ಒಂದು ಪದ್ಧತಿ. ಮಟ್ಟಿಗಿಳಿಯುವಾಗ ಒಂದು ಚಿಟಿಕೆ ಮಣ್ಣು ಹಣೆಗಿಟ್ಟು, ಅಂಗಾಲಿಗೆ ತಿಕ್ಕಿಕೊಂಡು ಇಳಿಯಬೇಕು. ರಿಂಗಿನಲ್ಲಿ ಮಣ್ಣೆಲ್ಲಿಂದ ಬರಬೇಕು? ಉಸ್ತಾದರು ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದಿದ್ದರು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ಕಾಲು ಎತ್ತು ಮಗಾ" ಎಂದು, ಎರಡೂ ಶೂಗಳ ಅಟ್ಟೆಗೆ ಆ ಮಣ್ಣನ್ನು ತಿಕ್ಕಿದರು. ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ನಾನೂ ಕೈ ಮುಗಿದೆ. ಎಣ್ಣೆ ಕುಡಿದ ಮಣ್ಣು ಅದು. ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ರೌಂಡು ನನ್ನದೇ. ಎರಡನೆಯದರಲ್ಲಿ ಎಡಗಾಲು ಊರಿ ಬಲಗೈ ಬೀಸಿದೆ, ಕಾಲು ಹಾಗೇ ಮುಂದಕ್ಕೆ ಜಾರಿತು. ಎದುರಾಳಿಯ ಗುದ್ದು ದವಡೆಗೆ ಬಿತ್ತು. ಎದ್ದೆ. ಮತ್ತೆ ಜಾರಿದೆ. ಎರಡನೇ ಸಲ ಬಿದ್ದಾಗ ರೆಫರಿ ಹತ್ತು ಎಣಿಸಿದ್ದು ನನಗೆ ಎಲ್ಲೋ ದೂರದಲ್ಲಿ ಕೇಳಿತು.

ಮೂಲೆಗೆ ಬಂದು ಶೂ ತಿರುಗಿಸಿ ನೋಡಿದೆ. ಆಮೇಲೆ ಅಷ್ಟು ಜನರ ಮುಂದೆ ನಾನು ಆಡಿದ ಮಾತು ಯಾವ ಮಗನೂ ಅಪ್ಪನಿಗೆ ಆಡಬಾರದು. "ನಿಮ್ಮಿಂದ ಹಾಳಾದೆ. ನಿಮಗೆ ಬಾಕ್ಸಿಂಗ್ ಗೊತ್ತಿಲ್ಲ, ಬರೀ ಕೆಸರು ತುಳಿಯೋದು ಗೊತ್ತು" ಎಂದೆ. ಅವರು ಹೆಗಲ ಮೇಲಿನ ಟವಲಿನಿಂದ ನನ್ನ ಶೂ ಒರೆಸುತ್ತಾ ಕೂತರು. ಪಂದ್ಯ ಮುಗಿದು ಹೋಗಿತ್ತು, ಆದರೂ ಒರೆಸುತ್ತಲೇ ಇದ್ದರು.

"ತಪ್ಪು ನಂದೇ ಮಗಾ," ಎಂದರು.

ಅವತ್ತೇ ಸಂಜೆ ದಂಡಿನ ಕೋಚ್ ಒಬ್ಬರು ನನ್ನ ಹೆಗಲು ತಟ್ಟಿದರು. "ಗುಡ್ ಪಂಚ್ ಮ್ಯಾನ್. ಆದ್ರೆ ಮಣ್ಣಲ್ಲಿ ಬಾಕ್ಸಿಂಗ್ ಯಾರಾದ್ರೂ ಕಲಿಸ್ತಾರಾ? ನಾಳೆಯಿಂದ ನನ್ನ ಹತ್ರ ಬಾ." ನಾನು ಹೋದೆ. ಅವರು ನನ್ನಿಂದ ಮಾಡಿಸಿದ ಮೊದಲ ಕೆಲಸ, ಸೀಮೆಎಣ್ಣೆ ಹಾಕಿ ಆ ಶೂ ತಿಕ್ಕಿಸಿದ್ದು. ಒಂದು ಕಣ ಮಣ್ಣೂ ಉಳಿಯದ ಹಾಗೆ ತಿಕ್ಕಿದೆ.

ಉಸ್ತಾದನನ್ನು ಬಿಡುವುದಕ್ಕೂ ಒಂದು ಕ್ರಮ ಇದೆ. ವೀಳ್ಯ, ತೆಂಗಿನಕಾಯಿ ತೆಗೆದುಕೊಂಡು ಹೋಗಿ ಕಾಲಿಗೆರಗಿ ಅಪ್ಪಣೆ ಕೇಳಬೇಕು. ಅವರು ಒಂದು ಹಿಡಿ ಗರಡಿ ಮಣ್ಣು ತೆಗೆದು ಅಂಗೈಗೆ ಹಾಕಿ ಕಳಿಸುತ್ತಾರೆ. ಅದನ್ನು ಹೊಸ ಗರಡಿಯ ಮಟ್ಟಿಗೆ ಬೆರೆಸಬೇಕು. ಆ ಒಂದು ಹಿಡಿ ಬಿದ್ದರೆ ಇಬ್ಬರಿಗೂ ಮುನಿಸಿಲ್ಲವೆಂದು ಅರ್ಥ. ನಾನು ಹೋಗಲಿಲ್ಲ. ಕ್ಯಾನ್ವಾಸಿನ ಮೇಲೆ ಮಣ್ಣು ಯಾವನಿಗೆ ಬೇಕು ಎಂದುಕೊಂಡೆ. ಅವರು ಕಾಯುತ್ತಿದ್ದರೆಂದು ಆಮೇಲೆ ಕೇಳಿದೆ. ಅಮ್ಮ ವಾರಗಟ್ಟಲೆ ಕಡಲೆ ನೆನೆಹಾಕುತ್ತಿದ್ದರಂತೆ.

ವರ್ಷ ಕಳೆದ ಮೇಲೆ, ಗರಡಿಯ ಹಳೇ ಪೈಲ್ವಾನನೊಬ್ಬ ಕಾರ್ಖಾನೆ ಗೇಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ.

"ನಿನಗೋಸ್ಕರ ಉಸ್ತಾದ್ರು ಮಟ್ಟಿ ಅಗೆಸಿಬಿಟ್ರು ಕಣಯ್ಯ. ತಾತನ ಕಾಲದ ಮಣ್ಣು. ಗಾಡಿ ತುಂಬಿ ಹೊಸ ಸೈಟಿನ ಪಾಯಕ್ಕೆ ಕಳಿಸಿದ್ರು. ಈಗ ಹಲಗೆ ಹೊಡೆಸಿ, ಮೇಲೆ ಟಾರ್ಪಾಲ್ ಎಳೆಸವ್ರೆ. ನಾವು ಕುಸ್ತಿಯೋರು ಎಲ್ಲಿಗೆ ಹೋಗಾಣ?"

"ನಾನು ಕೇಳಿದ್ನಾ?"

"ನೀನು ಕೇಳಲಿಲ್ಲ. ಅದೇ ಹೇಳ್ತಾ ಇರೋದು. ಗರಡಿಗೆ ಈಗ ಒಬ್ಬನೂ ಬರಲ್ಲ. ಅವರೊಬ್ರೇ ಬೂಟು ಹಾಕ್ಕೊಂಡು ಟಾರ್ಪಾಲ್ ಮೇಲೆ ಓಡಾಡ್ತಾರೆ, ಎಲ್ಲಿ ಜಾರ್ತದೆ ಅಂತ ನೋಡ್ತಾರೆ. ಹೋಗಿ ಒಂದ್ಸಲ ಮುಖ ತೋರ್ಸು."

ಪಟ್ಟ ಗೆದ್ದು ಹೋಗ್ತೀನಿ ಎಂದೆ. ನನ್ನ ಕೊಬ್ಬು ನೋಡಿ. ಅವರು ತಮ್ಮ ಬದುಕನ್ನೇ ಅಗೆದು ಹೊರಗೆ ಹಾಕಿದ್ದರು, ನಾನು ಬೆಲ್ಟ್ ಕಟ್ಟಿಕೊಂಡು ಮೆರವಣಿಗೆಯಲ್ಲಿ ಹೋಗಿ ಕ್ಷಮಿಸುವ ಯೋಚನೆಯಲ್ಲಿದ್ದೆ.

ಅದರ ಮುಂದಿನ ವರ್ಷ ಮತ್ತೆ ಪಟ್ಟದ ಪಂದ್ಯ. ಅದೇ ಸಭಾಂಗಣ, ಅದೇ ಎದುರಾಳಿ. ಹೊಸ ಶೂ, ಹೊಸ ಕೋಚು. ಒಂದು ಸಲವೂ ಜಾರಲಿಲ್ಲ. ಮೂರನೇ ರೌಂಡಿನಲ್ಲಿ ನೆಟ್ಟಗೆ ನಿಂತೇ ಏಟು ತಿಂದು ಬಿದ್ದೆ. ಆ ಹುಡುಗ ನನಗಿಂತ ಒಳ್ಳೆಯ ಬಾಕ್ಸರ್, ಮೊದಲ ಸಲವೂ ಹಾಗೇ ಇದ್ದಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿ, ಬಾಯಿಂದ ರಕ್ತ ಉಗಿಯುತ್ತಾ, ನನಗೇ ಹೇಳಿಕೊಂಡೆ. ಕೋಚ್ ಒಳಗೆ ಬಂದು ತಮ್ಮ ಕೈಗಡಿಯಾರ ನೋಡಿಕೊಂಡು ಹೋದರು. ಮಾರನೇ ವಾರ ಅವರ ಕೈಯಲ್ಲಿ ಬೇರೆ ಹುಡುಗ ಇದ್ದ.

ಆಗಲಾದರೂ ಹೋಗಬೇಕಿತ್ತು. ಹೋಗಲಿಲ್ಲ. ಗೆದ್ದಿದ್ದರೆ ಕೊಬ್ಬಿನಿಂದ ಹೋಗುತ್ತಿದ್ದೆ. ಸೋತು ಹೋಗುವುದಕ್ಕೆ ಮುಖ ಇರಲಿಲ್ಲ. ಗರಡಿ ನನ್ನ ಮನೆಯಿಂದ ಕಾಲು ಮೈಲಿ. ಹುಣಸೇಮರ ಕಾಣಬಾರದೆಂದು ಸುತ್ತು ಬಳಸಿ ಕಾರ್ಖಾನೆಗೆ ಹೋಗುತ್ತಿದ್ದೆ.

ಅವರು ಹೋದ ಸುದ್ದಿ ಬಂದದ್ದು ಬೆಳಗ್ಗೆ ಮಿಲ್ಲಿನ ಸೈರನ್ ಕೂಗುವ ಹೊತ್ತಿಗೆ. ಓಡಿದೆ. ಗರಡಿಯ ಬಾಗಿಲಲ್ಲಿ ತಲೆ ತಗ್ಗಿಸಿದೆ. ಟಾರ್ಪಾಲನ್ನು ಎಷ್ಟು ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದರೆಂದರೆ ಎಲ್ಲೂ ಒಂದು ಮಡಿಕೆ ಇಲ್ಲ. ಮೂಲೆಯಲ್ಲಿ ಅವರ ಬೂಟು. ಅಮ್ಮ ನನ್ನನ್ನು ನೋಡಿ ಅಳಲಿಲ್ಲ, ಬಯ್ಯಲಿಲ್ಲ.

"ನೀನು ಬಂದ್ರೆ ಜಾರ್ದಂಗಿರ್ಲಿ ಅಂತ ಮಾಡಿಸಿದ್ರಪ್ಪ," ಎಂದರು. "ನೀನು ಬರಲಿಲ್ಲ."

ಸ್ನಾನ ಮಾಡಿಸುವಾಗ ಕಾಲಿಗೆ ನೀರು ಹಾಕಿದವನು ನಾನೇ. ಹಿಮ್ಮಡಿ ತಿಕ್ಕಲು ಕೈ ಹಾಕಿದೆ. ಬಿರುಕುಗಳು ಹಾಗೇ ಇದ್ದವು, ಒಳಗೆ ಮಣ್ಣಿರಲಿಲ್ಲ. ಆಫೀಸಿನ ಗುಮಾಸ್ತನ ಕಾಲಿನಂತೆ ಬೆಳ್ಳಗಿತ್ತು. ಚೊಂಬು ಕೆಳಗಿಟ್ಟು ಅತ್ತೆ.

ಗರಡಿಯವರನ್ನು ಹೂಳುವಾಗ ಗುಂಡಿಗೆ ಮೊದಲು ಗರಡಿ ಮಣ್ಣು ಹಾಕಬೇಕು. ಗರಡಿಯಲ್ಲಿ ಮಣ್ಣೇ ಇರಲಿಲ್ಲ. ಇಬ್ಬರು ಪೈಲ್ವಾನರು ಹೊಸ ಬಡಾವಣೆಗೆ ಓಡಿದರು. ಮಣ್ಣು ಸುರಿದ ಪಾಯದ ಮೇಲೆ ಯಾರದೋ ಮನೆ ಎದ್ದು, ಗೃಹಪ್ರವೇಶವೂ ಆಗಿತ್ತು. ಬರಿಗೈಯಲ್ಲಿ ಬಂದರು. ಕೊನೆಗೆ ಅಲ್ಲೇ ಅಗೆದು ಹಾಕಿದ್ದ ಮಾಮೂಲಿ ಮಣ್ಣನ್ನೇ ಹಾಕುವುದೆಂದಾಯಿತು.

ನಾನು ಅಂಗಡಿಗೆ ಹೋಗಿ ವೀಳ್ಯ, ತೆಂಗಿನಕಾಯಿ ತಂದೆ. ಕೆಟ್ಟ ಮೇಲೆ ಬುದ್ಧಿ. ಗುಂಡಿಗೆ ಇಳಿಸುವ ಮುಂಚೆ ಅದನ್ನು ಅವರ ಕಾಲ ಹತ್ತಿರ ಇಟ್ಟು, ಮಂಡಿಯೂರಿ, ಹಣೆ ಮುಟ್ಟಿಸಿ, "ಹೋಗಿ ಬರ್ತೀನಿ ಉಸ್ತಾದ್ರೆ, ಅಪ್ಪಣೆ ಕೊಡಿ" ಎಂದೆ. ಎದ್ದು ನಿಂತವನು, ಐದು ವರ್ಷ ಬೇರೆ ಬೇರೆ ಶಿಷ್ಯರು ಮಾಡುವುದನ್ನು ನೋಡಿದ್ದ ಅಭ್ಯಾಸವೋ ಏನೋ, ಬಲಗೈ ಮುಂದೆ ಚಾಚಿಬಿಟ್ಟಿದ್ದೆ. ಅಂಗೈ ಬಿಚ್ಚಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು: "ಪಕ್ಕಕ್ಕೆ ಬಾಪ್ಪ. ಬೇರೆಯೋರೂ ಮಣ್ಣು ಹಾಕ್ಬೇಕು."