ಹರಿದ ರೊಟ್ಟಿ, ತಪ್ಪಿದ ಮಗ್ಗಿ

ಅಂದು ಬಾವಿಯಿಂದ ನೀರು ತಂದಿದ್ದೆ, ಜೋಳ ಹಸನು ಮಾಡಿ ಗಿರಣಿಗೆ ಹಾಕಿಸಿಕೊಂಡು ಬಂದಿದ್ದೆ, ಪುಂಡಿಪಲ್ಯ ಕುದಿಸಿಟ್ಟು ಸಂಜೆ ರೊಟ್ಟಿ ತಟ್ಟಲು ಕೂತಿದ್ದೆ. ಎಂಬತ್ತರ ದಶಕದಲ್ಲಿ ನಾವು ಮಾನ್ವಿಯಲ್ಲಿದ್ದಾಗಿನ ಮಾತು. ಮೂರನೇ ತರಗತಿಯಲ್ಲಿದ್ದ ಮಗಳು ಗಿರಿಜಾ ತಾನೂ ಒಂದು ರೊಟ್ಟಿ ತಟ್ಟುತ್ತೇನೆಂದು ಹಠ ಹಿಡಿದು ಪಕ್ಕಕ್ಕೆ ಬಂದು ಕೂತಳು. ಅಂಗೈಯಗಲ ಆಗುವಷ್ಟರಲ್ಲಿ ಅದರ ಅಂಚು ಹರಿಯಿತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅವಳು ಹಿಟ್ಟಿನ ಕೈಯನ್ನೇ ತಲೆಗೆ ಅಡ್ಡ ಹಿಡಿದು ಕಣ್ಣು ಮುಚ್ಚಿಬಿಟ್ಟಳು.

ದಿನಾ ಮಗ್ಗಿ ತಪ್ಪಿದಾಗ ನಾನು ಅವಳ ತಲೆಗೆ ಮೊಟಕುತ್ತಿದ್ದೆ, ಕಲಿಯಲಿ ಅಂತಲೇ. ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದೆ.

"ಹರದ್ರ ಏನಾತವ್ವಾ? ಬೆರಳು ನೀರಾಗ ಅದ್ದಿ ಸವರು, ಕೂಡ್ತದ," ಅಂದೆ.

ಸವರಿದಳು. ಕೂಡಿತು. ಆಮೇಲೆ ಮೆಲ್ಲಗೆ ಕೇಳಿದಳು: "ಯವ್ವಾ, ಏಳರ ಮಗ್ಗಿ ತಪ್ಪಿದ್ರನೂ ಹಿಂಗಽ ಹೇಳ್ತೀಯೇನು?"

"ಹ್ಞೂಂ, ಹಿಂಗಽ ಹೇಳ್ತೀನಿ. ಇನ್ನ ಕೈ ಎತ್ತಂಗಿಲ್ಲ."

ಊಟಕ್ಕೆ ಕೂತ ಅವರಪ್ಪ, "ಇದೇನು ರೊಟ್ಟೀನೋ, ರಾಯಚೂರು ಜಿಲ್ಲಾದ ನಕಾಶೇನೋ?" ಅಂದಾಗ ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ಸೊಟ್ಟ ರೊಟ್ಟಿಯನ್ನು ಪುಂಡಿಪಲ್ಯ ಹಚ್ಚಿಕೊಂಡು ಮೂವರೂ ಹರಿದು ತಿಂದೆವು. ಊಟವಾದ ಮೇಲೆ ಅವಳು ಒಪ್ಪಿಸಿದ ಏಳರ ಮಗ್ಗಿ ಎರಡು ಕಡೆ ತಪ್ಪಿತು. ಎರಡೂ ಕಡೆ ನಾನು ಜೊತೆಗೆ ಹೇಳಿದೆ. ಎಲ್ಲರಿಗಿಂತ ಮೊದಲು ಅವಳೇ ಮಲಗಿದಳು, ಮೊಟಕುತ್ತಿದ್ದ ನನ್ನ ಅದೇ ಕೈಯನ್ನು ತಲೆದಿಂಬು ಮಾಡಿಕೊಂಡು.